ಡಾರ್ಟ್ ತಗುಲಿತು, ಪ್ರಾಣಿ ಮಲಗಲಿಲ್ಲ: ಗೊರಸಿನ ಕಾಡುಪ್ರಾಣಿಗಳ ಅರಿವಳಿಕೆಯಲ್ಲಿ ದೋಷ ಪತ್ತೆ ಕೈಪಿಡಿ

ಅರಿವಳಿಕೆ ಮದ್ದು ತುಂಬಿದ ಸಿರಿಂಜಿನಂಥ ಡಾರ್ಟನ್ನು ದೂರದಿಂದ ಹಾರಿಸಿದ ಮೇಲೆ ಎಣಿಸಿದಂತೆ ನಡೆಯದಿದ್ದರೆ ತಂಡದಲ್ಲಿ ಮೊದಲು ಕೇಳಿಬರುವ ಮಾತು, "ಮದ್ದು ಸಾಲಲಿಲ್ಲ, ಇನ್ನೊಂದು ಹಾಕೋಣ" ಎಂಬುದು. ಬಹುಪಾಲು ಇದು ಅವಸರದ ತೀರ್ಮಾನ. ಮದ್ದು ಸ್ನಾಯುವಿಗೆ ಇಳಿಯದೆ ಹೋಗಿರಬಹುದು, ಇಳಿದರೂ ಪ್ರಾಣಿ ಗಾಬರಿಯಲ್ಲಿರಬಹುದು, ಅಥವಾ ಗಡಿಯಾರ ನೋಡದೆ ನಾವೇ ತಾಳ್ಮೆ ಕಳೆದುಕೊಂಡಿರಬಹುದು. ಹಾಗಾಗಿ ಇಲ್ಲಿ ಪರೀಕ್ಷೆಯ ಕ್ರಮ ಒಂದೇ: ಮೊದಲು ಗಡಿಯಾರ, ಆಮೇಲೆ ಡಾರ್ಟ್, ಆಮೇಲೆ ಪ್ರಾಣಿಯ ಸ್ಥಿತಿ, ಆಮೇಲೆ ಲೆಕ್ಕ. ಮದ್ದಿನ ಮೇಲೆ ಅನುಮಾನ ಪಡುವುದು ಕೊನೆಗೆ.

ಇದು ಜಿಂಕೆ, ಕಡವೆ, ಕಾಡುಕುರಿ, ಕಾಟಿಯಂಥ ಮೆಲುಕು ಹಾಕುವ ಪ್ರಾಣಿಗಳನ್ನು ಮುಖ್ಯವಾಗಿ ಇಟ್ಟುಕೊಂಡು ಬರೆದದ್ದು. ಕಾಡುಹಂದಿ, ಕಾಡುಕತ್ತೆ, ಜಿರಾಫೆ, ಘೇಂಡಾಮೃಗಗಳ ಮಾತು ಬೇಕಾದಲ್ಲಿ ಮಾತ್ರ ಬರುತ್ತದೆ. ಡಾರ್ಟ್ ತುಂಬುವುದು, ಡೋಸ್ ನಿರ್ಧರಿಸುವುದು ತರಬೇತಿ ಮತ್ತು ಪರವಾನಗಿ ಇರುವ ಪಶುವೈದ್ಯರ ಕೆಲಸ. ಕೆಳಗಿನ ಅಂಕಿಗಳು ಅವರ ಲೆಕ್ಕವನ್ನು ಸರಿನೋಡುವುದಕ್ಕೆ, ಅವರ ಬದಲಿಗೆ ಅಲ್ಲ.

ಮೊದಲು ನಿಮ್ಮ ಕೈ, ಆಮೇಲೆ ಪ್ರಾಣಿ

ಎಟಾರ್ಫಿನ್, ಥಯಾಫೆಂಟನಿಲ್‌ನಂಥ ಪ್ರಬಲ ಓಪಿಯಾಯ್ಡ್‌ಗಳು (ಅಫೀಮಿನ ಗುಣದ ಮದ್ದುಗಳು) ಬಳಕೆಯಲ್ಲಿದ್ದರೆ ಒಬ್ಬರೇ ಡಾರ್ಟ್ ತುಂಬಬಾರದು. ಕೈಗವಸು, ಮುಖಕ್ಕೆ ಪಾರದರ್ಶಕ ಮರೆ, ಪಕ್ಕದಲ್ಲಿ ಬಕೆಟ್ ತುಂಬ ನೀರು, ಸಿರಿಂಜಿಗೆ ಎಳೆದಿಟ್ಟ ಪ್ರತಿಮದ್ದು ನಲಾಕ್ಸೋನ್, ಅದನ್ನು ಕೊಡಲು ಬಲ್ಲ ಇನ್ನೊಬ್ಬರು, ಇಷ್ಟೂ ಬಾಟಲಿ ತೆರೆಯುವ ಮೊದಲೇ ಇರಬೇಕು. ಮದ್ದು ಚರ್ಮಕ್ಕೋ ಕಣ್ಣಿಗೋ ಸಿಡಿದರೆ ಜೋರಾಗಿ ಹೇಳಿ, ಧಾರಾಳ ನೀರಿನಲ್ಲಿ ತೊಳೆಯಿರಿ, ಒಬ್ಬರೇ ನಡೆದು ಹೋಗಬೇಡಿ. ಸೂಜಿ ಚುಚ್ಚಿದರೆ ಲಕ್ಷಣ ಕಾಣಲಿ ಎಂದು ಕಾಯುವಂತಿಲ್ಲ. ಆಂಬುಲೆನ್ಸ್ ಕರೆಸಿ, ಉಸಿರು ಎಣಿಸುತ್ತಿರಿ. ಉಸಿರು ನಿಧಾನವಾದರೆ ನಲಾಕ್ಸೋನ್ ಕೊಟ್ಟು ಮಾಸ್ಕ್‌ನಿಂದ ಉಸಿರು ತುಂಬಬೇಕು. ನಲಾಕ್ಸೋನ್ ಬೇಗ ಇಳಿದುಹೋಗುತ್ತದೆ, ಮತ್ತೆ ಮತ್ತೆ ಬೇಕಾಗುತ್ತದೆ. ಪ್ರಾಣಿಗೆ ಪ್ರತಿಮದ್ದಾಗಿ ಬಳಸುವ ಡೈಪ್ರಿನಾರ್ಫಿನ್ ಮನುಷ್ಯರಿಗಲ್ಲ.

ಒಂದೇ ವರ್ಗದ ಮಂಪರು ಮದ್ದುಗಳಾದ ಜೈಲಜೀನ್, ಮೆಡೆಟೊಮಿಡಿನ್ "ಸೌಮ್ಯ" ಎಂದು ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ. ಡಾರ್ಟಿಗೆ ಬಳಸುವ ಗಾಢ ದ್ರಾವಣದ ಒಂದು ಚಿಮ್ಮು ಸಾಕು, ಮನುಷ್ಯನ ನಾಡಿ, ರಕ್ತದೊತ್ತಡ ಇಳಿದು ಮಂಪರು ಕವಿಯಲು. ಇವಕ್ಕೆ ಮನುಷ್ಯರಲ್ಲಿ ಒಪ್ಪಿತ ಪ್ರತಿಮದ್ದು ಇಲ್ಲ; ಮಲಗಿಸಿ, ಉಸಿರಿನ ದಾರಿ ನೋಡಿಕೊಂಡು ಆಸ್ಪತ್ರೆಗೆ ಒಯ್ಯುವುದೇ ಚಿಕಿತ್ಸೆ. ಯಾವ ಮದ್ದು, ಎಷ್ಟು ಗಾಢತೆ ಎಂದು ಬರೆದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿರಲಿ. ಆಸ್ಪತ್ರೆಯ ವೈದ್ಯರು ಈ ಹೆಸರುಗಳನ್ನು ಕೇಳದೆಯೂ ಇರಬಹುದು.

15 ನಿಮಿಷ ಆಯಿತು, ಪ್ರಾಣಿ ಇನ್ನೂ ನಿಂತೇ ಇದೆ

ಗಡಿಯಾರ. ಎಟಾರ್ಫಿನ್ ಮಿಶ್ರಣದಲ್ಲಿ ಮೊದಲ ಲಕ್ಷಣ ಸಾಮಾನ್ಯವಾಗಿ 3ರಿಂದ 8 ನಿಮಿಷದೊಳಗೆ ಕಾಣಬೇಕು. ಜೈಲಜೀನ್ ಜೊತೆ ಅರಿವಳಿಕೆ ಮದ್ದಾದ ಕೆಟಮಿನ್, ಅಥವಾ ಬ್ಯುಟಾರ್ಫನಾಲ್–ಅಜಾಪೆರೋನ್–ಮೆಡೆಟೊಮಿಡಿನ್ ಸೇರಿದ ಬ್ಯಾಮ್ ಎಂಬ ಮಿಶ್ರಣವಾದರೆ 5ರಿಂದ 15 ನಿಮಿಷ ಹಿಡಿಯುತ್ತದೆ. ಡಾರ್ಟ್ ತಗುಲಿದ ಕ್ಷಣವನ್ನು ಬರೆದಿಟ್ಟಿರದಿದ್ದರೆ ಮುಂದಿನ ಯಾವ ನಿರ್ಧಾರಕ್ಕೂ ಆಧಾರವಿಲ್ಲ. ಐದು ನಿಮಿಷ ಕಾದದ್ದು ಹದಿನೈದರಂತೆ ಅನ್ನಿಸುವ ಕೆಲಸ ಇದು.

ನಿಂತಿರುವ ಪ್ರಾಣಿಯನ್ನು ದುರ್ಬೀನಿನಲ್ಲಿ ನೋಡಿ. ಕಿವಿ ಜೋತುಬಿದ್ದಿದೆಯೆ, ತಲೆ ತಗ್ಗಿದೆಯೆ, ಜೊಲ್ಲು ಸುರಿಯುತ್ತಿದೆಯೆ, ಹಿಂಗಾಲು ಅಗಲಿಸಿ ನಿಂತಿದೆಯೆ? ಇವುಗಳಲ್ಲಿ ಒಂದು ಕಂಡರೂ ಮದ್ದು ಒಳಗೆ ಹೋಗಿದೆ. ಆಗ ಮಾಡಬೇಕಾದದ್ದು ಏನೂ ಮಾಡದಿರುವುದು. ಸದ್ದು, ಓಡಾಟ, ವಾಹನದ ಇಂಜಿನ್ ಎಲ್ಲ ನಿಲ್ಲಿಸಿ. ಮಂಪರು ಹತ್ತುತ್ತಿರುವ ಪ್ರಾಣಿಯನ್ನು ಹತ್ತಿರ ಹೋಗಿ ಬೆದರಿಸಿದರೆ ಅದು ಮತ್ತೆ ಎಚ್ಚೆತ್ತು ಅರ್ಧ ಮೈಲು ಓಡಬಲ್ಲದು. ಮಲಗಿದ ಮೇಲೂ ಐದು ನಿಮಿಷ ಬಿಟ್ಟೇ ಹತ್ತಿರ ಹೋಗಬೇಕು.

ಯಾವ ಲಕ್ಷಣವೂ ಇಲ್ಲವೆ? ಹಾಗಾದರೆ ಡಾರ್ಟ್ ಹುಡುಕಿ. ಖರ್ಚಿಲ್ಲದ ಪರೀಕ್ಷೆ ಇದೇ, ಅತಿ ಹೆಚ್ಚು ಉತ್ತರ ಕೊಡುವುದೂ ಇದೇ. ಸಿಕ್ಕ ಡಾರ್ಟನ್ನು ಕೈಗವಸು ಹಾಕಿಕೊಂಡೇ ಎತ್ತಿ, ಸೂಜಿಯ ತುದಿಯನ್ನು ನಿಮ್ಮಿಂದಲೂ ಜೊತೆಯವರಿಂದಲೂ ಆಚೆ ತಿರುಗಿಸಿ. ಒಳಗೆ ಇನ್ನೂ ಒತ್ತಡ ಇರಬಹುದು. ಸೂಜಿಯ ಭಾಗವನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯೊಳಗೆ ಇಟ್ಟುಕೊಂಡೇ ಗಾಳಿ ಬಿಡಿ. ಆಮೇಲೆ ನೋಡಬೇಕಾದ್ದು:

ಪಿಸ್ಟನ್ ಎಲ್ಲಿದೆ? ಪೂರ್ತಿ ಮುಂದೆ ಸರಿದಿದ್ದರೆ ಡಾರ್ಟ್ ಖಾಲಿಯಾಗಿದೆ, ಆದರೆ ಪ್ರಾಣಿಯ ಒಳಗೇ ಖಾಲಿಯಾಗಿದೆ ಎಂದಲ್ಲ. ಸೂಜಿಯಲ್ಲಿ ರಕ್ತ ಅಥವಾ ಅಂಗಾಂಶ ಇದೆಯೆ, ಪ್ರಾಣಿಯ ಕೂದಲು ಒಂದು ಕಡೆ ಒದ್ದೆಯಾಗಿದೆಯೆ ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಪಿಸ್ಟನ್ ಹಿಂದೆಯೇ ಇದ್ದರೆ ಮೂರು ಕಾರಣ ಸಾಧ್ಯ: ಒತ್ತಡ ಸೋರಿದೆ, ಸೂಜಿಯ ಪಕ್ಕದ ತೂತು ಮುಚ್ಚುವ ರಬ್ಬರ್ ತೋಳು ಹಿಂದಕ್ಕೆ ಸರಿದಿಲ್ಲ, ಸೂಜಿಯ ತುದಿಯಲ್ಲಿ ಚರ್ಮದ ಚೂರು ಅಡ್ಡವಾಗಿದೆ. ತೋಳು ಸರಿಯದಿದ್ದರೆ ಡಾರ್ಟ್ ಓರೆಯಾಗಿ ತಗುಲಿದೆ ಅಥವಾ ಸೂಜಿ ಆಳಕ್ಕೆ ಇಳಿದಿಲ್ಲ ಎಂದರ್ಥ. ಉಳಿದ ಮದ್ದನ್ನು ಸಿರಿಂಜಿಗೆ ಎಳೆದು ಅಳೆಯಿರಿ. 2 ಮಿ.ಲೀ. ತುಂಬಿದ ಡಾರ್ಟಿನಲ್ಲಿ 1.2 ಮಿ.ಲೀ. ಉಳಿದಿದ್ದರೆ ಒಳಗೆ ಹೋದದ್ದು ಹೆಚ್ಚೆಂದರೆ 0.8. ಎರಡನೆಯ ಡಾರ್ಟಿನ ಲೆಕ್ಕ ಇದರ ಮೇಲೆ ನಿಲ್ಲಬೇಕು, ಅಂದಾಜಿನ ಮೇಲಲ್ಲ.

ತಗುಲಿದ ಜಾಗವೂ ಮುಖ್ಯ. ಹಿಂದೊಡೆಯ ದಪ್ಪ ಸ್ನಾಯು, ಭುಜ, ಕುತ್ತಿಗೆಯ ಬುಡ ಒಳ್ಳೆಯ ಜಾಗಗಳು. ಚಪ್ಪೆಯ ಮೇಲ್ಭಾಗದಲ್ಲಿ ಕೊಬ್ಬು ತುಂಬಿದ ಪ್ರಾಣಿಗೆ ಮದ್ದು ಕೊಬ್ಬಿನಲ್ಲೇ ಕೂತು ನಿಧಾನಕ್ಕೆ ಜಿನುಗುತ್ತದೆ; ಅರ್ಧ ಗಂಟೆ ಬಿಟ್ಟು, ಎರಡನೆಯ ಡಾರ್ಟ್ ಹಾಕಿದ ಮೇಲೆ, ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಸಾಮಾನ್ಯ ಗಾತ್ರದ ಜಿಂಕೆಗೆ 30–40 ಮಿ.ಮೀ. ಸೂಜಿ ಹಿಡಿಸುತ್ತದೆ, ಘೇಂಡಾಮೃಗದಂಥ ದಪ್ಪ ಚರ್ಮಕ್ಕೆ 60 ಮಿ.ಮೀ. ಬೇಕು. ಹೊಟ್ಟೆಗೆ ಅಥವಾ ಎದೆಗೆ ತಗುಲಿದ ಡಾರ್ಟ್ ಅರಿವಳಿಕೆಯ ಸಮಸ್ಯೆ ಅಲ್ಲ, ಗಾಯದ ಸಮಸ್ಯೆ. ಮಲಗಿದ ಕೂಡಲೆ ಮೊದಲು ಅದನ್ನೇ ನೋಡಬೇಕು.

ಪ್ರಾಣಿ ಬೆದರಿತ್ತೆ? ಡಾರ್ಟಿಗೆ ಮುಂಚೆ ಬೆನ್ನಟ್ಟಿದ್ದರೆ, ಹಿಂಡು ಚದುರಿದ್ದರೆ, ಜೈಲಜೀನ್ ಮತ್ತು ಮೆಡೆಟೊಮಿಡಿನ್ ಸರಿಯಾದ ಡೋಸಿನಲ್ಲೂ ಸೋಲುತ್ತವೆ. ಇವು ಮೆದುಳಿನಲ್ಲಿ ನಾರ್‌ಅಡ್ರಿನಲಿನ್ ಬಿಡುಗಡೆಯನ್ನು ತಡೆದು ಮಂಪರು ತರುತ್ತವೆ. ಗಾಬರಿಗೊಂಡ ಪ್ರಾಣಿಯ ರಕ್ತದಲ್ಲಿ ಆಗಲೇ ಅಡ್ರಿನಲಿನ್ ಉಕ್ಕಿರುತ್ತದೆ. ಇಂಥ ಪ್ರಾಣಿಗೆ ಮದ್ದು ಏರಿಸುತ್ತ ಹೋಗುವುದಕ್ಕಿಂತ ಆ ದಿನ ಬಿಟ್ಟುಬಿಡುವುದು ಜಾಣತನ. ಮಿಶ್ರಣ ಬಳಸುವುದರ ಅರ್ಧ ಕಾರಣವೇ ಇದು: ಕೆಟಮಿನ್ ಅಥವಾ ಓಪಿಯಾಯ್ಡ್ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಒಂದು ಸೋತರೂ ಇನ್ನೊಂದು ಹಿಡಿದುಕೊಳ್ಳುತ್ತದೆ, ಎರಡರ ಡೋಸೂ ಕಡಿಮೆ ಸಾಕಾಗುತ್ತದೆ.

ಈಗ ಲೆಕ್ಕ. ಜೈಲಜೀನ್ ಮಾರುಕಟ್ಟೆಯಲ್ಲಿ ಮಿ.ಲೀ.ಗೆ 20, 100, 300 ಮಿ.ಗ್ರಾಂ ಗಾಢತೆಗಳಲ್ಲಿ ಸಿಗುತ್ತದೆ. ಬಾಟಲಿ ನೋಡಲು ಒಂದೇ ಥರ ಇರುತ್ತವೆ. 100ರದ್ದು ಎಂದುಕೊಂಡು 20ರದ್ದನ್ನು ತುಂಬಿದರೆ ಪ್ರಾಣಿಗೆ ಹೋಗುವುದು ಐದರಲ್ಲಿ ಒಂದು ಪಾಲು. 70 ಕೆ.ಜಿ. ಜಿಂಕೆಗೆ ಕೆ.ಜಿ.ಗೆ 2.5 ಮಿ.ಗ್ರಾಂ ಜೈಲಜೀನ್ ಎಂದು ನಿರ್ಧರಿಸಿದ್ದೀರಿ ಎನ್ನೋಣ: 175 ಮಿ.ಗ್ರಾಂ. 20ರ ಬಾಟಲಿಯಲ್ಲಿ ಅದು 8.75 ಮಿ.ಲೀ., 3 ಮಿ.ಲೀ. ಡಾರ್ಟಿಗೆ ಹಿಡಿಯುವುದೇ ಇಲ್ಲ. ಅದಕ್ಕೇ ಹೆಲ್ಲಾಬ್ರುನ್ ಮಿಶ್ರಣ ಹುಟ್ಟಿದ್ದು: 500 ಮಿ.ಗ್ರಾಂ ಒಣ ಜೈಲಜೀನ್ ಪುಡಿಯನ್ನು, ಮಿ.ಲೀ.ಗೆ 100 ಮಿ.ಗ್ರಾಂ ಇರುವ 4 ಮಿ.ಲೀ. ಕೆಟಮಿನ್‌ನಲ್ಲಿ ಕರಗಿಸುವುದು. ಒಂದು ಮಿ.ಲೀ.ನಲ್ಲಿ 125 ಮಿ.ಗ್ರಾಂ ಜೈಲಜೀನ್, 100 ಮಿ.ಗ್ರಾಂ ಕೆಟಮಿನ್. ನಮ್ಮ ಜಿಂಕೆಗೆ 1.4 ಮಿ.ಲೀ. ಸಾಕು, ಅದರೊಂದಿಗೆ 140 ಮಿ.ಗ್ರಾಂ, ಅಂದರೆ ಕೆ.ಜಿ.ಗೆ 2 ಮಿ.ಗ್ರಾಂ ಕೆಟಮಿನ್ ತಾನಾಗಿ ಹೋಗುತ್ತದೆ. ತೂಕದ ಅಂದಾಜನ್ನೂ ಮತ್ತೊಮ್ಮೆ ನೋಡಿ. ದೂರದಿಂದ ದಟ್ಟ ಕೂದಲಿನ ಪ್ರಾಣಿ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಕೊಂಬು ತೂಕವನ್ನು ಹೇಳುವುದಿಲ್ಲ.

ಎರಡನೆಯ ಡಾರ್ಟ್ ಯಾವಾಗ? ಮೊದಲನೆಯದು ತಗುಲಿ 20 ನಿಮಿಷ ಕಳೆದ ಮೇಲೆ. ಮೊದಲ ಡಾರ್ಟ್ ತುಂಬಿದಂತೆಯೇ ಸಿಕ್ಕಿದ್ದರೆ ಪೂರ್ತಿ ಡೋಸ್. ಸ್ವಲ್ಪ ಮಂಪರು ಹತ್ತಿ ಅಲ್ಲಿಗೇ ನಿಂತಿದ್ದರೆ ಅರ್ಧ. ಎರಡೂ ಸೋತರೆ ಆ ದಿನದ ಕೆಲಸ ನಿಲ್ಲಿಸಿ, ಪ್ರಾಣಿ ಪೂರ್ತಿ ಎಚ್ಚರವಾಗುವವರೆಗೆ ದೂರದಿಂದ ಕಾವಲಿರಿ. ಅರೆಮಂಪರಿನ ಜಿಂಕೆ ನೀರಿಗೆ ಇಳಿದರೆ ಮುಳುಗುತ್ತದೆ, ಬೇಟೆಪ್ರಾಣಿಗೆ ಸುಲಭದ ತುತ್ತಾಗುತ್ತದೆ.

ತಲೆ ಎತ್ತಿ, ಕಾಲು ಎತ್ತೆತ್ತಿ ಹಾಕುತ್ತ, ನಿಲ್ಲದೆ ಓಡುತ್ತಿದೆ

ಎಟಾರ್ಫಿನ್, ಥಯಾಫೆಂಟನಿಲ್‌ನಂಥ ಪ್ರಬಲ ಓಪಿಯಾಯ್ಡ್ ಕೊಟ್ಟಾಗ ಕಾಣುವ ಲಕ್ಷಣ ಇದು. ಕಣ್ಣು ತೆರೆದಿರುತ್ತದೆ, ಎದುರಿನದು ಕಾಣುತ್ತಿರುವುದಿಲ್ಲ. ಬೇಲಿ, ಮರ, ಕಂದಕ ಯಾವುದನ್ನೂ ಲೆಕ್ಕಿಸದೆ ಒಂದೇ ಗತಿಯಲ್ಲಿ ಸಾಗುತ್ತದೆ. ಅರ್ಥ: ಮದ್ದು ಹೋಗಿದೆ, ಆದರೆ ಕಡಿಮೆ. ಮೆಲುಕು ಹಾಕುವ ಪ್ರಾಣಿಯಲ್ಲಿ ಓಪಿಯಾಯ್ಡ್ ಡೋಸ್ ಕಡಿಮೆಯಾಗುವುದು ತುಸು ಹೆಚ್ಚಾಗುವುದಕ್ಕಿಂತ ಅಪಾಯ. ಹೆಚ್ಚಾದದ್ದನ್ನು ಪ್ರತಿಮದ್ದು ಇಳಿಸುತ್ತದೆ. ಕಡಿಮೆಯಾದರೆ ಪ್ರಾಣಿ ಓಡಿ ಓಡಿ ಮೈಬಿಸಿ ಏರಿ, ಸ್ನಾಯು ಹಾಳಾಗಿ ಸಾಯುತ್ತದೆ. ಇಲ್ಲಿ 20 ನಿಮಿಷದ ನಿಯಮ ಹಿಡಿಯುವುದಿಲ್ಲ. ಸುಮಾರು 10 ನಿಮಿಷದಲ್ಲಿ ಬೀಳದಿದ್ದರೆ ಹೆಚ್ಚುವರಿ ಡೋಸ್ ಕೊಡಬೇಕು, ಅಥವಾ ಹತ್ತಿರ ಸೇರಿ ಹಿಡಿದು ಕೆಳಗೆ ಕೆಡವಬೇಕು. ಎಟಾರ್ಫಿನ್ ಜೊತೆಗೆ ಅಜಾಪೆರೋನ್, ಜೈಲಜೀನ್ ಅಥವಾ ಡೆಟೊಮಿಡಿನ್ ಸೇರಿಸುವುದು ಈ ಓಟವನ್ನೂ ಸ್ನಾಯುಗಳ ಸೆಡೆತವನ್ನೂ ತಗ್ಗಿಸಲೆಂದೇ. ಕಾಡುಕತ್ತೆ, ಜೀಬ್ರಾಗಳಲ್ಲಂತೂ ಜೈಲಜೀನ್ ವರ್ಗದ ಮದ್ದು ಒಂಟಿಯಾಗಿ ಭರವಸೆಗೆ ಬಾರದು.

ಮಲಗಿದೆ, ಮುಟ್ಟಿದರೆ ತಲೆ ಎತ್ತುತ್ತದೆ

ಕಿವಿಯೊಳಗೆ ಬೆರಳು ತಾಗಿಸಿದಾಗ ಕಿವಿ ಕೊಡವುವುದು, ರೆಪ್ಪೆ ಮುಟ್ಟಿದಾಗ ಚುರುಕಾಗಿ ಮುಚ್ಚುವುದು ಅರಿವಳಿಕೆ ತೆಳುವಾಗಿದೆ ಎಂಬುದರ ಗುರುತು. ಮೊದಲು ಕಣ್ಣಿಗೆ ಲೇಪ ಹಾಕಿ ಪಟ್ಟಿ ಕಟ್ಟಿ, ಕಿವಿಗೆ ಹತ್ತಿ ಇಡಿ, ಮಾತು ನಿಲ್ಲಿಸಿ. ಅಷ್ಟಕ್ಕೇ ಹಲವು ಪ್ರಾಣಿಗಳು ಸುಮ್ಮನಾಗುತ್ತವೆ. ಸಾಲದಿದ್ದರೆ ಕೆಟಮಿನ್: ರಕ್ತನಾಳಕ್ಕಾದರೆ ಕೆ.ಜಿ.ಗೆ 0.5–1 ಮಿ.ಗ್ರಾಂ, ಸ್ನಾಯುವಿಗಾದರೆ 1–2. ಜೈಲಜೀನ್ ಮತ್ತೆ ಮತ್ತೆ ಏರಿಸಬೇಡಿ. ಆಳ ಸಿಗುವುದು ಕಡಿಮೆ, ಉಸಿರು ಮತ್ತು ಹೊಟ್ಟೆಯ ತೊಂದರೆ ಜಾಸ್ತಿ. ಜೈಲಜೀನ್ ವರ್ಗದ ಮದ್ದಿನಲ್ಲಿ ಚೆನ್ನಾಗಿ ಮಲಗಿದಂತೆ ಕಂಡ ಪ್ರಾಣಿ ಒಮ್ಮೆಗೇ ಎದ್ದು ಕೊಂಬು ಬೀಸಬಲ್ಲದು, ಆದ್ದರಿಂದ ಕೊಂಬಿನ ಬೀಸಿನೊಳಗೆ, ಕಾಲಿನ ಒದೆತದೊಳಗೆ ಯಾರೂ ಕೂರಬಾರದು.

ಉಸಿರು ನಿಧಾನ, ನಾಲಿಗೆ ನೀಲಿ

ಇಲ್ಲಿಂದ ಮುಂದೆ ಪ್ರತಿ 5 ನಿಮಿಷಕ್ಕೆ ಉಸಿರು, ನಾಡಿ, ಮೈಬಿಸಿ, ಆಮ್ಲಜನಕ ನಾಲ್ಕನ್ನೂ ಬರೆಯುವ ಒಬ್ಬ ವ್ಯಕ್ತಿ ಬೇಕು, ಬೇರೆ ಕೆಲಸ ಇಲ್ಲದವರು.

ಉಸಿರಿನ ಎಣಿಕೆ ಜಿಂಕೆಗಳಲ್ಲಿ ನಿಮಿಷಕ್ಕೆ 10–30ರ ನಡುವೆ ಇದ್ದರೆ ಸಮಾಧಾನ. 6ಕ್ಕಿಂತ ಕೆಳಗೆ ಇಳಿದರೆ ಕೈಯಲ್ಲಿರುವ ಕೆಲಸ ನಿಲ್ಲಿಸಿ. ಆದರೆ ಎಣಿಕೆ ಸರಿಯಿದ್ದೂ ಆಮ್ಲಜನಕ ಕಡಿಮೆ ಇರಬಹುದು. ಜೈಲಜೀನ್ ವರ್ಗದ ಮದ್ದುಗಳು ಮೆಲುಕು ಹಾಕುವ ಪ್ರಾಣಿಗಳ, ಅದರಲ್ಲೂ ಕುರಿ ಜಾತಿಯವುಗಳ ಶ್ವಾಸಕೋಶದ ರಕ್ತನಾಳಗಳ ಮೇಲೇ ಕೆಲಸ ಮಾಡಿ ನೀರು ತುಂಬುವಂತೆ ಮಾಡಬಲ್ಲವು.

ಸುಲಭದ್ದರಿಂದ ಶುರು ಮಾಡಿ. ಕುತ್ತಿಗೆ ಮಡಚಿದೆಯೆ? ನೇರ ಮಾಡಿ, ನಾಲಿಗೆಯನ್ನು ಹೊರಗೆ ಎಳೆಯಿರಿ. ಮೂಗಿನ ಹೊಳ್ಳೆಯನ್ನು ಕಣ್ಣಿನ ಪಟ್ಟಿ ಮುಚ್ಚಿದೆಯೆ? ಕಂಡರೆ ನಗು ಬರುವಂಥ ಕಾರಣ, ಆದರೂ ನೋಡಿ. ಪಲ್ಸ್ ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ಮೊದಲು ಕ್ಲಿಪ್ ತೆಗೆದು ನಾಲಿಗೆಯ ಬೇರೆ ಜಾಗಕ್ಕೆ ಒದ್ದೆ ಗಾಜ್ ಬಟ್ಟೆಯ ಮೇಲೆ ಹಾಕಿ. ಮೆಡೆಟೊಮಿಡಿನ್ ಅಂಚಿನ ರಕ್ತನಾಳಗಳನ್ನು ಬಿಗಿಹಿಡಿಯುವುದರಿಂದಲೂ, ಕಪ್ಪು ನಾಲಿಗೆಯಿಂದಲೂ ಯಂತ್ರ ಸುಳ್ಳು ಹೇಳುತ್ತದೆ. ವಸಡಿನ ಬಣ್ಣ ನೋಡಿ, ವಸಡು ಒತ್ತಿಬಿಟ್ಟಾಗ 2 ಸೆಕೆಂಡಿನೊಳಗೆ ಬಣ್ಣ ಮರಳುತ್ತದೆಯೇ ನೋಡಿ.

ಯಂತ್ರವೂ ವಸಡೂ ಒಂದೇ ಮಾತು ಹೇಳಿದರೆ ಆಮ್ಲಜನಕ. ಮೃದುವಾದ ಕೊಳವೆಯನ್ನು ಮೂಗಿನಿಂದ ಕಣ್ಣಿನ ಒಳಮೂಲೆಯವರೆಗಿನ ಉದ್ದಕ್ಕೆ ಗುರುತು ಮಾಡಿ ತೂರಿಸಿ, ಮಧ್ಯಮ ಗಾತ್ರದ ಜಿಂಕೆಗೆ ನಿಮಿಷಕ್ಕೆ 3–6 ಲೀಟರ್, ದೊಡ್ಡ ಕಡವೆಯಂಥದಕ್ಕೆ 10 ಲೀಟರ್‌ವರೆಗೆ ಬಿಡಿ. ಇದು ರಕ್ತದ ಆಮ್ಲಜನಕವನ್ನು ಏರಿಸುತ್ತದೆ, ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದಿಲ್ಲ. ಹೊರಬಿಡುವ ಉಸಿರಿನಲ್ಲಿ ಅದನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇದ್ದು ಅಂಕಿ 60 ಮಿ.ಮೀ. ಪಾದರಸ ದಾಟಿದ್ದರೆ ಆಮ್ಲಜನಕದ ಅಂಕಿ ಎಷ್ಟೇ ಚೆನ್ನಾಗಿದ್ದರೂ ಪ್ರಾಣಿ ಸಾಕಷ್ಟು ಉಸಿರಾಡುತ್ತಿಲ್ಲ.

ಆಮ್ಲಜನಕ ಕೊಟ್ಟೂ 80ಕ್ಕಿಂತ ಕೆಳಗೇ ಇದ್ದರೆ, ಅಥವಾ ಉಸಿರು ನಿಂತೇಹೋದರೆ, ಪ್ರತಿಮದ್ದು ಕೊಟ್ಟುಬಿಡಿ. ಕಾಲರ್ ಹಾಕುವುದು, ರಕ್ತ ತೆಗೆಯುವುದು ಉಳಿದಿದ್ದರೂ ಸರಿ. ಪ್ರತಿಮದ್ದು ಕೆಲಸ ಮಾಡುವವರೆಗೆ ಎದೆಗೂಡನ್ನು ಒತ್ತಿ ಬಿಡುತ್ತಿರಿ. ನಳಿಕೆ ಹಾಕಬಲ್ಲವರಿದ್ದರೆ ಗಾಳಿಚೀಲದಿಂದ ಉಸಿರು ಕೊಡಲಿ. ಡಾಕ್ಸಾಪ್ರಾಮ್ ಕೆ.ಜಿ.ಗೆ 1 ಮಿ.ಗ್ರಾಂ ರಕ್ತನಾಳಕ್ಕೆ ಕೊಟ್ಟರೆ ಕೆಲವು ನಿಮಿಷ ಉಸಿರು ಕೆದಕುತ್ತದೆ, ಅಷ್ಟೆ. ಅದನ್ನು ನೆಚ್ಚಿ ಪ್ರತಿಮದ್ದನ್ನು ತಡಮಾಡಬಾರದು.

ನಾಡಿ ನಿಧಾನವಾದದ್ದಷ್ಟೇ ಕಂಡರೆ ಗಾಬರಿ ಬೇಡ. ಮೆಡೆಟೊಮಿಡಿನ್‌ನಲ್ಲಿ ಜಿಂಕೆಯ ನಾಡಿ 40ರ ಆಸುಪಾಸಿಗೆ ಇಳಿಯುವುದು ಮದ್ದಿನ ಗುಣವೇ. ವಸಡು ಕೆಂಪಾಗಿದ್ದು ನಾಡಿ ಬಲವಾಗಿದ್ದರೆ ಬಿಟ್ಟುಬಿಡಿ. ನಾಡಿ ಏರಿಸಲು ಅಟ್ರೋಪಿನ್ ಕೊಡುವ ಚಪಲ ತಡೆದುಕೊಳ್ಳಿ: ರಕ್ತದೊತ್ತಡ ವಿಪರೀತ ಏರುತ್ತದೆ, ಕರುಳು ಇನ್ನಷ್ಟು ಮಂಕಾಗುತ್ತದೆ.

ಮೈ ಸುಡುತ್ತಿದೆ

ಗುದದ್ವಾರದ ಥರ್ಮಾಮೀಟರ್ ಹೇಳುವ ಅಂಕಿಯೇ ಇಲ್ಲಿ ನಿರ್ಧಾರ. 38–39.5° ಸೆ. ಸಾಮಾನ್ಯ. 40 ದಾಟಿದರೆ ತಂಪು ಮಾಡಲು ಶುರು ಮಾಡಿ. 41 ತಲುಪಿದರೆ ಕೆಲಸ ಕೈಬಿಟ್ಟು ಪ್ರತಿಮದ್ದು. 42ರಲ್ಲಿ ಜೀವಕೋಶಗಳೇ ಹಾಳಾಗತೊಡಗುತ್ತವೆ.

ಕಾರಣ ಹೆಚ್ಚಾಗಿ ಡಾರ್ಟಿಗೆ ಮುಂಚಿನ ಓಟ. ಮಂಪರಿನ ಮದ್ದುಗಳು ಮೈಬಿಸಿಯ ನಿಯಂತ್ರಣವನ್ನು ಕೆಡಿಸುತ್ತವೆ, ಆದ್ದರಿಂದ ಓಟದಲ್ಲಿ ಹುಟ್ಟಿದ ಬಿಸಿ ಒಳಗೇ ಉಳಿಯುತ್ತದೆ. ನೆರಳಿಗೆ ಸರಿಸಿ. ನೀರನ್ನು ಬೆನ್ನ ಮೇಲೆ ಸುರಿಯುವುದು ವ್ಯರ್ಥ, ಕೂದಲೇ ಕುಡಿಯುತ್ತದೆ. ತೊಡೆಸಂದು, ಹೊಟ್ಟೆಯ ಅಡಿ, ಕಂಕುಳು, ಕಿವಿ, ಕಾಲಿನ ಕೆಳಭಾಗಕ್ಕೆ ನೀರು ಹಾಕಿ ಗಾಳಿ ಬೀಸಿ. ರಕ್ತನಾಳಕ್ಕೆ ದ್ರವ ಕೊಡಬಹುದು. ತಣ್ಣೀರಿನ ಎನಿಮಾ ಕೊಟ್ಟರೆ ಆಮೇಲಿನ ಥರ್ಮಾಮೀಟರ್ ಅಂಕಿಯನ್ನು ನಂಬುವಂತಿಲ್ಲ, ಅದೊಂದು ಎಚ್ಚರ. 39.5ಕ್ಕೆ ಬಂದಾಗ ತಂಪು ಮಾಡುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಇನ್ನೊಂದು ತುದಿಗೆ ಜಾರುತ್ತದೆ. ಕಾಡುಹಂದಿಗಳಲ್ಲಿ ಈ ತೊಂದರೆ ಬೇಗ ಬರುತ್ತದೆ. ಬೆವರದ, ಕೊಬ್ಬು ಹೊದ್ದ ಮೈ ಅವಕ್ಕೆ.

ಎಡ ಪಕ್ಕೆ ಉಬ್ಬಿದೆ, ಬಾಯಿಂದ ಹಸಿರು ನೀರು

ಜೈಲಜೀನ್ ವರ್ಗದ ಮದ್ದು ಮೊದಲ ಹೊಟ್ಟೆಯ ಅಲುಗಾಟವನ್ನು ನಿಲ್ಲಿಸುತ್ತದೆ. ಒಳಗೆ ಹುದುಗುವಿಕೆ ನಡೆದೇ ಇರುತ್ತದೆ, ತೇಗು ಬರುವುದಿಲ್ಲ. ಉಬ್ಬಿದ ಹೊಟ್ಟೆ ವಪೆಯನ್ನು ಮುಂದಕ್ಕೆ ದೂಡಿ ಉಸಿರನ್ನು ಕಿತ್ತುಕೊಳ್ಳುತ್ತದೆ.

ಮಲಗಿಸಿದ ರೀತಿ ಮೊದಲು ನೋಡಿ. ಪ್ರಾಣಿ ಎದೆಯ ಮೇಲೆ ನೇರ ಕೂತಂತೆ ಇರಬೇಕು, ಎರಡೂ ಬದಿಗೆ ಚೀಲವೋ ಮಂಡಿಯೋ ಆಸರೆ ಕೊಡಬೇಕು. ತಲೆಯ ಹಿಂಭಾಗ ಮೇಲೆ, ಮೂಗು ಕೆಳಗೆ: ಜೊಲ್ಲು ಹೊರಗೆ ಹರಿಯಲಿ, ಗಂಟಲಿಗಲ್ಲ. ಪಕ್ಕಕ್ಕೆ ಮಲಗಿಸಲೇಬೇಕಾದರೆ ಬಲ ಮಗ್ಗುಲು ಕೆಳಗಿರಲಿ, ಉಬ್ಬುವ ಎಡಭಾಗ ಮೇಲಿರಲಿ. ಎದೆಯ ಮೇಲೆ ಕೂರಿಸಿದಾಗಲೇ ಎಷ್ಟೋ ಸಲ ಒಂದು ಉದ್ದದ ತೇಗು ಹೊರಬಂದು ಪಕ್ಕೆ ಇಳಿಯುತ್ತದೆ. ಇಳಿಯದಿದ್ದರೆ, ಉಬ್ಬಿದ ಪಕ್ಕೆ ಡೋಲಿನಂತೆ ಬಿಗಿದಿದ್ದರೆ, ಪ್ರತಿಮದ್ದು. ಹೊಟ್ಟೆ ಅಲುಗಲು ಶುರುವಾದರೆ ಗಾಳಿ ತಾನೇ ಹೋಗುತ್ತದೆ. ಹೊಟ್ಟೆಯ ಕೊಳವೆ ಹಾಕುವುದು ಅದರ ನಂತರದ ಆಯ್ಕೆ, ಕೊಳವೆ ಹಾಕುವಾಗಲೇ ವಾಂತಿಯಂತೆ ದ್ರವ ಉಕ್ಕಬಹುದು. ಗಾಳಿ ಬಿಡಲು ಪಕ್ಕೆಗೆ ಟ್ರೋಕಾರ್ (ಕೊಳವೆಯಿರುವ ದಪ್ಪ ಚೂಪು ಸಲಾಕೆ) ಚುಚ್ಚುವುದು ಪ್ರಾಣ ಹೋಗುವಂತಿದ್ದಾಗ ಮಾತ್ರ.

ಬಾಯಿಂದ ಹಸಿರು ದ್ರವ ಬಂದಿದ್ದರೆ ತಲೆ ಎತ್ತಬೇಡಿ, ಇನ್ನೂ ತಗ್ಗಿಸಿ. ಬಾಯಿ ಗಂಟಲು ಬಟ್ಟೆಯಿಂದ ಒರೆಸಿ. ಮೂಗಿನಿಂದಲೂ ಬಂದು ಉಸಿರಲ್ಲಿ ಗುರುಗುಟ್ಟುವ ಸದ್ದಿದ್ದರೆ ಶ್ವಾಸಕೋಶಕ್ಕೆ ಇಳಿದಿದೆ ಎಂದೇ ತಿಳಿದು ಬೇಗ ಎಬ್ಬಿಸಿ, ಆ್ಯಂಟಿಬಯಾಟಿಕ್ ಶುರು ಮಾಡಿ. ಆವರಣದಲ್ಲಿರುವ ಪ್ರಾಣಿಯಾದರೆ 12–24 ಗಂಟೆ ಮೇವು ತಡೆದಿದ್ದರೆ ಈ ಅಪಾಯ ತಗ್ಗುತ್ತಿತ್ತು. ಜಿರಾಫೆಯಲ್ಲಿ ಈ ತೊಂದರೆ ಎಷ್ಟು ಗಂಭೀರ ಎಂದರೆ, ಕಾಡಿನಲ್ಲಿ ಎಟಾರ್ಫಿನ್‌ನಿಂದ ಕೆಡವಿದ ಕೂಡಲೆ ಪ್ರತಿಮದ್ದು ಕೊಟ್ಟು, ಉಳಿದ ಕೆಲಸವನ್ನು ಕುತ್ತಿಗೆ ಒತ್ತಿ ಹಿಡಿದುಕೊಂಡೇ ಮುಗಿಸುತ್ತಾರೆ.

ಕಾಲು ಸೆಟೆದು ಈಜಿದಂತೆ ಆಡಿಸುತ್ತಿದೆ

ಪ್ರತಿಮದ್ದು ಕೊಟ್ಟ ಮೇಲೆ ಹೀಗಾದರೆ ಕಾರಣ ಬಹುತೇಕ ಒಂದೇ: ಕೆಟಮಿನ್ ಇನ್ನೂ ಇಳಿದಿಲ್ಲ. ಅದಕ್ಕೆ ಪ್ರತಿಮದ್ದಿಲ್ಲ, ಮೇಲಿನ ಜೈಲಜೀನನ್ನು ತೆಗೆದುಹಾಕಿದಾಗ ಕೆಳಗಿನ ಕೆಟಮಿನ್ ಬಯಲಾಗುತ್ತದೆ. ಕೊನೆಯ ಕೆಟಮಿನ್ ಡೋಸಿನಿಂದ ಕನಿಷ್ಠ 30 ನಿಮಿಷ ಕಳೆಯುವವರೆಗೆ ಜೈಲಜೀನ್ ಅಥವಾ ಮೆಡೆಟೊಮಿಡಿನ್‌ಗೆ ಪ್ರತಿಮದ್ದು ಬೇಡ, ಉಸಿರು ನಿಂತಂಥ ತುರ್ತು ಬಿಟ್ಟು. ಕೆಟಮಿನ್ ಜಾತಿಯ ಟಿಲೆಟಮಿನ್–ಜೊಲಜೆಪಾಮ್‌ನಲ್ಲಿ ಈ ಒದ್ದಾಟ ಇನ್ನೂ ದೀರ್ಘ. ಸೆಡೆತ ನಿಲ್ಲದಿದ್ದರೆ ಡಯಾಜೆಪಾಮ್ ಅಥವಾ ಮಿಡಾಜೊಲಾಮ್ ಕೆ.ಜಿ.ಗೆ 0.1–0.2 ಮಿ.ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ.

ಪ್ರತಿಮದ್ದು ಕೊಟ್ಟರೂ ಏಳುತ್ತಿಲ್ಲ, ಅಥವಾ ಎದ್ದು ಮತ್ತೆ ಬಿದ್ದಿತು

ಸರಿಯಾದ ಪ್ರತಿಮದ್ದೇ ಹೋಗಿದೆಯೇ? ಜೈಲಜೀನ್, ಮೆಡೆಟೊಮಿಡಿನ್‌ಗೆ ಅಟಿಪಮೆಜೋಲ್, ಟೊಲಾಜೊಲಿನ್, ಯೋಹಿಂಬಿನ್. ಓಪಿಯಾಯ್ಡ್‌ಗೆ ನಲ್‌ಟ್ರೆಕ್ಸೋನ್. ಬ್ಯಾಮ್‌ನಲ್ಲಿ ಮೆಡೆಟೊಮಿಡಿನ್ ಜೊತೆಗೆ ಓಪಿಯಾಯ್ಡ್ ಆದ ಬ್ಯುಟಾರ್ಫನಾಲ್ ಕೂಡ ಇರುವುದರಿಂದ ಎರಡೂ ಪ್ರತಿಮದ್ದು ಬೇಕು. ಅಜಾಪೆರೋನ್‌ಗೆ ಏನೂ ಇಲ್ಲ, ಅದರ ಶಾಂತಗುಣ ಕೆಲವು ಗಂಟೆ ಉಳಿಯುತ್ತದೆ.

ಪ್ರಮಾಣ ಸಾಕಾಗಿದೆಯೆ? ಬ್ಯಾಮ್‌ನ ಪ್ರತಿ ಮಿ.ಲೀ.ನಲ್ಲಿ 27.3 ಮಿ.ಗ್ರಾಂ ಬ್ಯುಟಾರ್ಫನಾಲ್, 9.1 ಅಜಾಪೆರೋನ್, 10.9 ಮೆಡೆಟೊಮಿಡಿನ್. 1.5 ಮಿ.ಲೀ. ಹೋಗಿದ್ದರೆ ಮೆಡೆಟೊಮಿಡಿನ್ 16.35 ಮಿ.ಗ್ರಾಂ. ಅದರ ಐದು ಪಟ್ಟು ಅಟಿಪಮೆಜೋಲ್ ಅಂದರೆ ಸುಮಾರು 82 ಮಿ.ಗ್ರಾಂ: ಮಿ.ಲೀ.ಗೆ 25 ಮಿ.ಗ್ರಾಂ ಇರುವ ಬಾಟಲಿಯಿಂದ 3.3 ಮಿ.ಲೀ. ಸಾಮಾನ್ಯವಾಗಿ ಸಿಗುವ 5 ಮಿ.ಗ್ರಾಂ ಬಾಟಲಿಯಾದರೆ 16 ಮಿ.ಲೀ. ದಾಟುತ್ತದೆ, ಅದನ್ನು ಎರಡು ಮೂರು ಸ್ನಾಯುಗಳಿಗೆ ಹಂಚಬೇಕು, ಅಷ್ಟು ಬಾಟಲಿ ಚೀಲದಲ್ಲಿ ಇರಬೇಕು. ಇದನ್ನು ಹೊರಡುವ ಮುಂಚೆ ಎಣಿಸಿಕೊಳ್ಳಿ. ಜೊತೆಗೆ ನಲ್‌ಟ್ರೆಕ್ಸೋನ್ 25–50 ಮಿ.ಗ್ರಾಂ. ಜೈಲಜೀನ್‌ಗಾದರೆ ಪ್ರತಿ 10 ಮಿ.ಗ್ರಾಂಗೆ 1 ಮಿ.ಗ್ರಾಂ ಅಟಿಪಮೆಜೋಲ್. ಎಟಾರ್ಫಿನ್‌ನ ಪ್ರತಿ ಮಿ.ಗ್ರಾಂಗೆ 20 ಮಿ.ಗ್ರಾಂ ನಲ್‌ಟ್ರೆಕ್ಸೋನ್, ಥಯಾಫೆಂಟನಿಲ್‌ಗೆ 10. ಅಟಿಪಮೆಜೋಲ್ ಸ್ನಾಯುವಿಗೇ ಇರಲಿ. ರಕ್ತನಾಳಕ್ಕೆ ಕೊಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಿ ಒಮ್ಮೆಗೇ ಎದ್ದು ನುಗ್ಗುತ್ತದೆ. ಪ್ರಾಣ ಹೋಗುವಂತಿದ್ದರೆ ಮಾತ್ರ ಆ ದಾರಿ.

ಎಲ್ಲ ಸರಿಯಿದ್ದೂ ಏಳದಿದ್ದರೆ ಮೈ ತಣ್ಣಗಾಗಿದೆಯೇ ನೋಡಿ. 36ಕ್ಕೆ ಇಳಿದ ಪ್ರಾಣಿ ಏಳಲು ಬಹಳ ಹೊತ್ತು ಹಿಡಿಯುತ್ತದೆ. ಕಾಲು ಮುರಿದಿದೆಯೆ, ಬಹಳ ಹೊತ್ತು ಒಂದೇ ಮಗ್ಗುಲಲ್ಲಿದ್ದು ಜೋಮು ಹಿಡಿದಿದೆಯೆ ಎಂದೂ ನೋಡಬೇಕು.

ಎದ್ದು ಹೋದದ್ದು ಗಂಟೆಗಳ ನಂತರ ತಲೆ ತಗ್ಗಿಸಿ, ಗುರಿಯಿಲ್ಲದೆ ಅಡ್ಡಾಡುತ್ತಿದ್ದರೆ ಓಪಿಯಾಯ್ಡ್ ಮರಳಿ ಹತ್ತಿದೆ. ಡೈಪ್ರಿನಾರ್ಫಿನ್ ಅಥವಾ ನಲಾಕ್ಸೋನ್‌ನ ಕೆಲಸ ಎಟಾರ್ಫಿನ್‌ಗಿಂತ ಮುಂಚೆ ಮುಗಿದುಹೋದಾಗ ಹೀಗಾಗುತ್ತದೆ. ಮದ್ದು ನಲ್‌ಟ್ರೆಕ್ಸೋನ್. ಟೊಲಾಜೊಲಿನ್ ಕೊಟ್ಟ ಮೇಲೂ ಇಂಥದೇ ಮರುಮಂಪರು ಬರುವುದುಂಟು. ಬಿಟ್ಟ ಪ್ರಾಣಿಯನ್ನು ಆ ದಿನ ಸಂಜೆಯವರೆಗಾದರೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇದಕ್ಕೇ.

ಎರಡು ಮೂರು ದಿನದ ಮೇಲೆ ಕುಂಟುತ್ತಿದೆ, ಮೂತ್ರ ಕಾಫಿ ಬಣ್ಣ

ಇದು ಹಿಡಿಯುವಾಗಿನ ಸ್ನಾಯುನಾಶ. ಓಟ, ಭಯ, ಏರಿದ ಬಿಸಿ ಸೇರಿ ಸ್ನಾಯು ಕೊಳೆಯುತ್ತದೆ, ಅದರ ಕೆಂಪು ವರ್ಣಕ ಮೂತ್ರಪಿಂಡವನ್ನು ಕಟ್ಟುತ್ತದೆ. ಕೆಲವು ಪ್ರಾಣಿ ಗಂಟೆಗಳಲ್ಲೇ ಸಾಯುತ್ತವೆ. ಕೆಲವು 24–48 ಗಂಟೆ ಬಿಟ್ಟು ಹಿಂಗಾಲು ಎಳೆಯತೊಡಗುತ್ತವೆ. ಇನ್ನು ಕೆಲವು ಚೆನ್ನಾಗಿದ್ದಂತೆ ಕಂಡು, ಮತ್ತೊಮ್ಮೆ ಬೆದರಿದಾಗ ಕುಸಿದು ಬೀಳುತ್ತವೆ. ರಕ್ತ ಪರೀಕ್ಷೆಯಲ್ಲಿ ಸ್ನಾಯು ಹಾಳಾದಾಗ ರಕ್ತಕ್ಕೆ ಸೇರುವ ಕಿಣ್ವಗಳಾದ ಕ್ರಿಯೇಟಿನ್ ಕೈನೇಸ್ ಮತ್ತು ಎಎಸ್‌ಟಿ ಬಹಳ ಏರಿರುತ್ತವೆ. ರಕ್ತನಾಳಕ್ಕೆ ದ್ರವ, ನೋವಿನ ಮದ್ದು, ಕತ್ತಲು, ನಿಶ್ಶಬ್ದ ಇಷ್ಟೇ ಚಿಕಿತ್ಸೆ, ಲಕ್ಷಣ ಕಂಡ ಮೇಲೆ ಫಲ ಸಿಗುವುದು ಕಡಿಮೆ. ಮೂತ್ರಪಿಂಡ ಕೆಟ್ಟಿದ್ದರೆ ಉರಿಯೂತ ಇಳಿಸುವ ಮಾತ್ರೆ–ಇಂಜೆಕ್ಷನ್‌ಗಳೂ ಹಾನಿ ಮಾಡುತ್ತವೆ. ಹಾಗಾಗಿ ಬೆನ್ನಟ್ಟುವುದು 2–3 ನಿಮಿಷ ಮೀರಿದರೆ ಅಲ್ಲಿಗೇ ಬಿಡಿ, ಇನ್ನೊಂದು ದಿನ ಪ್ರಯತ್ನಿಸಿ.

ಸತ್ತ ಪ್ರಾಣಿಯನ್ನು ಸೀಳಿ ನೋಡಿ: ಹಿಂದೊಡೆಯ ಸ್ನಾಯು ಬೆಳ್ಳಗೆ, ಬೇಯಿಸಿದಂತೆ, ನಡುನಡುವೆ ರಕ್ತದ ಗೆರೆಗಳೊಂದಿಗೆ ಕಂಡರೆ ಕಾರಣ ಖಚಿತ. ಮದ್ದು ಮೈಯಲ್ಲಿದ್ದಾಗಲೇ ಸತ್ತ ಪ್ರಾಣಿಯ ಹೆಣವನ್ನು ಹದ್ದು, ನರಿಗಳಿಗೆ ಬಿಡಬಾರದು, ಮಾಂಸ ಯಾರೂ ತಿನ್ನಬಾರದು. ಸುಡಬೇಕು ಅಥವಾ ಆಳಕ್ಕೆ ಹೂಳಬೇಕು. ಬೇಟೆಗೆ ಅನುಮತಿ ಇರುವ ಪ್ರದೇಶವಾದರೆ ಬದುಕಿ ಹೋದ ಪ್ರಾಣಿಯ ಕಿವಿಗೂ ಮದ್ದು ಕೊಟ್ಟ ದಿನಾಂಕದ ಓಲೆ ಹಾಕಿ ಬಿಡಬೇಕು.